ನೀಲಿ ದಾರದ ಗುಂಡಿಗಳು

ಪ್ರಯೋಗಾಲಯದ ಪಕ್ಕದಲ್ಲಿ ಹಳೆಯ ನಕಾಶೆಗಳನ್ನು ಸುತ್ತಿಟ್ಟಿದ್ದ ಒಂದು ಕೋಣೆ ಇತ್ತು. ಆ ವರ್ಷ ಹೈಸ್ಕೂಲಿನವರು ಅದನ್ನು ಖಾಲಿ ಮಾಡಿಸಿ, ಗುಡಿಸಿ, ಸುಣ್ಣ ಹೊಡೆಸಿ, ಮಾತಿನ ಕೋಣೆ ಎಂದು ಹೆಸರಿಟ್ಟರು. ದೊಡ್ಡವರ ಮುಂದೆ ಬಾಯಿಬಿಡದ ಮಕ್ಕಳು ತಮ್ಮ ವಾರಿಗೆಯವರ ಮುಂದೆ ಬಾಯಿಬಿಡುತ್ತಾರೆ ಎಂಬುದು ಆಪ್ತಸಲಹೆಯ ಮೇಡಂ ಅವರ ನಂಬಿಕೆ. ಅದಕ್ಕೇ ಹತ್ತನೆಯ ತರಗತಿಯಿಂದ ನಾಲ್ವರನ್ನು ಆರಿಸಿ, ಕೆಲವು ಶನಿವಾರ ಕೂರಿಸಿಕೊಂಡು ತರಬೇತಿ ಕೊಟ್ಟರು. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಕೇಳದೆ ಬುದ್ಧಿ ಹೇಳಬಾರದು. ಯಾರದಾದರೂ ಜೀವಕ್ಕೋ ಮೈಗೋ ಅಪಾಯ ಅನ್ನಿಸಿದರೆ ಮಾತ್ರ ಮೇಡಂ ಕಿವಿಗೆ ಹಾಕಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾಲ್ಕು ಕುರ್ಚಿ ಹಾಕಿ ಕೂರುವುದು, ಬಂದವರು ತಮಗೆ ಬೇಕಾದ ಕುರ್ಚಿಯ ಎದುರು ಕೂತು ಮಾತಾಡುವುದು. ಇಷ್ಟೇ ಏರ್ಪಾಡು.

ನಾಲ್ವರಿಗೂ ಮುಂದಾಳಾಗಿದ್ದವಳು ಶಾಲೆಯ ಲೀಡರ್. ಮನೆಯಲ್ಲಿ ಅವಳು ದೊಡ್ಡವಳು. ಎಂಟನೆಯ ತರಗತಿಯಲ್ಲಿದ್ದ ತಂಗಿ ಚಿಕ್ಕವಳು. ಶಾಲೆಯ ಮಕ್ಕಳು ಬೆನ್ನ ಹಿಂದೆ ದೊಡ್ಡವಳಿಗೆ ಲೀಡರಮ್ಮ ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಅವಳಿಗೆ ಅದರಿಂದ ಬೇಜಾರೇನೂ ಆಗಿರಲಿಲ್ಲ.

ಆ ಕೋಣೆಗೆ ಅವಳು ಪಟ್ಟ ಪಾಡು ಕಡಿಮೆಯೇನಲ್ಲ. ಕಿಟಕಿಗೆ ಪರದೆ ಹೊಲಿಸಿ ಹಾಕಿದವಳು ಅವಳು. ಅಮ್ಮನನ್ನು ಕಾಡಿಬೇಡಿ ಹೊಸ ಮೇಜುಬಟ್ಟೆ ತಂದು ಹಾಸಿ, ಮೇಲೊಂದು ಹೂದಾನಿ ಇಟ್ಟವಳು ಅವಳು. ನಾಲ್ಕೂ ಕುರ್ಚಿ ಒಂದೇ ಎತ್ತರ ಇರಬೇಕೆಂದು ತರಗತಿಯಿಂದ ತರಗತಿಗೆ ಹುಡುಕಿ ಹೊತ್ತು ತಂದವಳೂ ಅವಳೇ. ಹೇಗೆ ಕೇಳಿಸಿಕೊಳ್ಳಬೇಕು ಎಂದು ಮನೆಯಲ್ಲಿ ಕನ್ನಡಿಯ ಮುಂದೆ ಕೂತು, ತಲೆಯನ್ನು ಒಂದು ಚೂರು ಪಕ್ಕಕ್ಕೆ ವಾಲಿಸಿ, ಹುಬ್ಬು ಮೃದು ಮಾಡಿ ಅಭ್ಯಾಸ ಮಾಡಿದ್ದಳು. ಹಾಗೆ ವಾಲಿಸಿದ ತಲೆಯ ಎದುರು ಮೊದಲ ದಿನ ಬಂದು ನಿಂತವನು ಒಬ್ಬ ಸಣ್ಣ ಹುಡುಗ.

“ಕೂತ್ಕೋ. ಹೇಳು, ನಿನ್ನ ಮನಸ್ಸಲ್ಲಿ ಏನಿದೆ?” ಎಂದಳು.

“ಖಂಡಗಳ ನಕಾಶೆ, ಅಕ್ಕ. ಸರ್ ತರೋಕೆ ಹೇಳಿದ್ರು. ಎಲ್ಲಿಟ್ಟಿದೀರ?”

ಅವನು ನಕಾಶೆ ಹುಡುಕಿಕೊಂಡು ಹೋದ. ಅವಳ ಎದುರಿನ ಕುರ್ಚಿ ಆಮೇಲೆ ಖಾಲಿಯೇ ಉಳಿಯಿತು.

ಖಾಲಿ ಉಳಿಯದಿದ್ದದ್ದು ಕಿಟಕಿಯ ಪಕ್ಕದ ಕುರ್ಚಿ. ಅಲ್ಲಿ ಕೂರುತ್ತಿದ್ದವಳು ದರ್ಜಿಯ ಮಗಳು. ಅವಳಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮಗಳು ಹಿಂದಿನ ಬೆಂಚಿನವಳು. ತರಗತಿಯಲ್ಲಿ ಕೈ ಎತ್ತಿದ್ದನ್ನು ಯಾರೂ ಕಂಡವರಿಲ್ಲ, ಮಾತಾಡಿದರೆ ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ. ಮೇಡಂ ಅವಳನ್ನು ಆರಿಸಿದಾಗ, ನಾಲ್ಕನೆಯವಳು ಸಿಗದೆ ಹೆಸರು ತುಂಬಿಸಿರಬೇಕು ಎಂದೇ ದೊಡ್ಡವಳು ಅಂದುಕೊಂಡಿದ್ದಳು. ಈಗ ನೋಡಿದರೆ ಅವಳ ಎದುರು ಒಬ್ಬರು ಕೂತಿದ್ದರೆ ಬಾಗಿಲ ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು.

ಅದು ಶುರುವಾದದ್ದು ಒಂದು ಗುಂಡಿಯಿಂದ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಂದು ಕೂತ. ಅಂಗಿಯ ತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು, ಅದನ್ನೇ ತಿರುಚುತ್ತ ಕೂತಿದ್ದ. ದರ್ಜಿಯ ಮಗಳು ಚೀಲದಿಂದ ಪೆಪ್ಪರ್‌ಮೆಂಟಿನ ತಗಡಿನ ಡಬ್ಬಿ ತೆಗೆದಳು. ಅದರಲ್ಲಿ ಸೂಜಿ, ನಾಲ್ಕಾರು ಗುಂಡಿ, ಒಂದು ಉಂಡೆ ದಾರ. ದಾರ ಕಡುನೀಲಿ, ಸಮವಸ್ತ್ರದ ಲಂಗ ಹೊಲಿದು ಉಳಿದದ್ದು. ಬಿಳಿ ಅಂಗಿಗೆ ಅದು ಎದ್ದು ಕಾಣುತ್ತಿತ್ತು, ಆದರೆ ಅವಳ ಹತ್ತಿರ ಇದ್ದದ್ದು ಅದೇ. ತಲೆ ಬಗ್ಗಿಸಿ ಹೊಲಿಯತೊಡಗಿದಳು. ಅವಳ ಕಣ್ಣು ಗುಂಡಿಯ ಮೇಲೆ, ಹುಡುಗನ ಮುಖದ ಮೇಲಲ್ಲ. ಎರಡನೆಯ ಹೊಲಿಗೆ ಹಾಕುವಷ್ಟರಲ್ಲಿ ಹುಡುಗ ಮಾತಾಡಲು ಶುರುಮಾಡಿದ. ಗಂಟು ಹಾಕಿ ದಾರ ಕಚ್ಚಿ ಕತ್ತರಿಸುವ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದುಹೋದ.

ಮರುದಿನದಿಂದ ಶಾಲೆಯಲ್ಲಿ ಅಂಗಿಗಳ ಗುಂಡಿ ಸಡಿಲವಾಗತೊಡಗಿದವು. ಇದ್ದಕ್ಕಿದ್ದಂತೆ ಇಷ್ಟೊಂದು ಗುಂಡಿ ಯಾಕೆ ಕಿತ್ತುಬರುತ್ತವೆ ಎಂದು ಪಿ.ಟಿ. ಮಾಸ್ತರರು ಹುಡುಗರ ಮೇಲೆ ರೇಗಿದರು. ಅವು ತಾವಾಗಿ ಕಿತ್ತು ಬರುತ್ತಿರಲಿಲ್ಲ ಬಿಡಿ. ಕೋಣೆಗೆ ಹೋಗಲು ಒಂದು ನೆಪ ಬೇಕಿತ್ತು. ದುಃಖ ಇದೆ ಎಂದು ಎಲ್ಲರೆದುರು ಆ ಬಾಗಿಲು ದಾಟುವುದು ಕಷ್ಟ, ಗುಂಡಿ ಹೊಲಿಸಿಕೊಳ್ಳಬೇಕು ಎಂದು ದಾಟುವುದು ಸುಲಭ.

ದೊಡ್ಡವಳು ತನ್ನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ಊಟ ಸರಿಯಾಗಿಲ್ಲ ಎಂದು ಮೊದಲು ಅಂದುಕೊಂಡಳು. ಆಮೇಲೆ, ಕಿಟಕಿಯ ಪಕ್ಕದವಳು ಸೂಜಿಗೆ ದಾರ ಪೋಣಿಸುವಾಗ ಮಾತ್ರ ಅದು ಹೆಚ್ಚಾಗುತ್ತದೆ ಎಂದು ಗೊತ್ತಾಯಿತು. ಅವಳು ಅಂಗಿ ಹಿಡಿಯುವ ರೀತಿ, ಎದುರಿನ ಮಗು ಅವಳ ಕಡೆಗೆ ಬಾಗುವ ರೀತಿ, ಎದ್ದು ಹೋಗುವಾಗ ಹೊಸದಾಗಿ ಹೊಲಿದ ಗುಂಡಿಯನ್ನು ಬೆರಳಿನಿಂದ ಸವರಿಕೊಂಡು ಹೋಗುವ ರೀತಿ, ಒಂದನ್ನೂ ಬಿಡದೆ ನೋಡಿದಳು. ತನ್ನ ಎದೆಯ ಮೇಲಿನ ಲೀಡರ್ ಬ್ಯಾಡ್ಜನ್ನು ಆ ಹುಡುಗಿಯ ಎದೆಗೆ ಯಾರೋ ಚುಚ್ಚುತ್ತಿದ್ದಾರೆ ಅನ್ನಿಸಿತು. ಇದು ಸೇವೆಯೇ ಅಲ್ಲ, ಲಂಚ. ಗುಂಡಿ ಕೊಟ್ಟು ಮಾತು ಕೊಂಡುಕೊಳ್ಳುತ್ತಿದ್ದಾಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಹಾಗೆ ಹೇಳಿಕೊಂಡ ಮರುದಿನವೇ ತಾನೂ ಸೂಜಿ ದಾರ ತಂದಳು. ಬಿಳಿ ದಾರ, ಹೊಸದು. ಕಾಯುತ್ತಿದ್ದ ಒಂದು ಪುಟ್ಟ ಹುಡುಗಿಯನ್ನು ಬಾ ಎಂದು ಕೈಹಿಡಿದು ಕೂರಿಸಿ, ಅವಳ ತೋಳನ್ನು ಮೇಜಿನ ಮೇಲಿಟ್ಟುಕೊಂಡು ಹೊಲಿದಳು. ಹೊಲಿಯುತ್ತ ಅವಳ ಮುಖವನ್ನೇ ನೋಡುತ್ತಿದ್ದಳು, ಯಾವಾಗ ಮಾತು ಬರುತ್ತದೋ ಎಂದು. ಹುಡುಗಿಯಿಂದ ಒಂದು ಮಾತೂ ಬರಲಿಲ್ಲ. ಗಂಟೆ ಹೊಡೆಯಿತು, ಹುಡುಗಿ ಎದ್ದಳು, ಅವಳ ತೋಳಿನ ಜೊತೆಗೆ ಮೇಜುಬಟ್ಟೆಯೂ ಎದ್ದಿತು, ಹೂದಾನಿ ಉರುಳಿ ನೀರು ಚೆಲ್ಲಿತು. ಗುಂಡಿ, ಅಂಗಿ, ಮೇಜುಬಟ್ಟೆ ಮೂರನ್ನೂ ಸೇರಿಸಿ ಭದ್ರವಾಗಿ ಹೊಲಿದಿದ್ದಳು. ಹೊಲಿಗೆ ಬಿಡಿಸಿಕೊಟ್ಟವಳು ದರ್ಜಿಯ ಮಗಳು. ಅವಳು ನಗಲಿಲ್ಲ. ನಕ್ಕಿದ್ದರೆ ದೊಡ್ಡವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಭಾನುವಾರ ಮನೆಯಲ್ಲಿ ಇಬ್ಬರ ಸಮವಸ್ತ್ರವನ್ನೂ ಇಸ್ತ್ರಿ ಮಾಡುವುದು ದೊಡ್ಡವಳ ಕೆಲಸ. ಅಮ್ಮ ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ದಿನವೆಲ್ಲ ನಿಂತು ಬಂದವಳು, ಭಾನುವಾರ ಕಾಲು ಚಾಚಿ ಕೂರುತ್ತಿದ್ದಳು. ದೊಡ್ಡವಳು ತಂಗಿಯ ಅಂಗಿಯನ್ನು ಹಾಸಿ ನೀರು ಚಿಮುಕಿಸಿ ತೋಳು ತಿರುಗಿಸಿದಳು. ಗುಂಡಿ ಕಡುನೀಲಿ ದಾರದಲ್ಲಿತ್ತು.

ಇನ್ನೊಂದು ತೋಳು ನೋಡಿದಳು. ಅದೂ ನೀಲಿ. ಎದೆಯ ಮೇಲಿನ ಎರಡನೆಯದೂ ನೀಲಿ. ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಉಳಿಯಿತು.

ತನ್ನ ತಂಗಿ. ಒಂದೇ ಹಾಸಿಗೆಯ ಮೇಲೆ ಮಲಗುವವಳು. ತಾನೇ ಜಡೆ ಹಾಕಿ, ತಾನೇ ಲೆಕ್ಕ ಹೇಳಿಕೊಟ್ಟು, ಕೈಹಿಡಿದು ರಸ್ತೆ ದಾಟಿಸಿ ಶಾಲೆಗೆ ಕರೆದುಕೊಂಡು ಹೋಗುವವಳು. ಅವಳು ಆ ಕೋಣೆಗೆ ಬಂದಿದ್ದಳು. ತಾನು ಇಲ್ಲದ ಹೊತ್ತು ನೋಡಿ ಬಂದಿದ್ದಳು. ಒಂದು ಸಲವಲ್ಲ. ಬಂದು, ತನ್ನ ಖಾಲಿ ಕುರ್ಚಿಯನ್ನು ದಾಟಿಕೊಂಡು ಹೋಗಿ, ಕಿಟಕಿಯ ಪಕ್ಕ ಕೂತಿದ್ದಳು.

“ಇದೇನೇ ಇದು?” ಎಂದು ಅಂಗಿ ಎತ್ತಿ ತೋರಿಸಿದಳು.

“ಗುಂಡಿ ಬಿದ್ದಿತ್ತು. ಹೊಲಿಸ್ಕೊಂಡೆ,” ಎಂದಳು ಚಿಕ್ಕವಳು, ಪುಸ್ತಕದಿಂದ ತಲೆ ಎತ್ತದೆ.

“ಮೂರೂ ಬಿದ್ದಿತ್ತಾ?”

ಚಿಕ್ಕವಳು ಪುಟ ತಿರುಗಿಸಿದಳು. ಮನೆಯಲ್ಲಿ ಸೂಜಿಗೆ ಬರಗಾಲವೇನು ಬಂದಿತ್ತು, ಊರವರ ಹತ್ತಿರ ಹೊಲಿಸಿಕೊಳ್ಳುವಂಥದ್ದು ಏನಿತ್ತು ಎಂದು ಅಮ್ಮ ಕೂತಲ್ಲಿಂದಲೇ ಗೊಣಗಿದಳು. ದೊಡ್ಡವಳು ಅಂಗಿಯನ್ನು ಮಡಿಸಿಟ್ಟಳು. ಮಡಿಸುವಾಗ ನೀಲಿ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದಳು. ದಾರ ಅಲುಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ, ನೀರಿನ ತೊಟ್ಟಿಯ ಹತ್ತಿರ ದರ್ಜಿಯ ಮಗಳನ್ನು ತಡೆದು ನಿಲ್ಲಿಸಿದಳು.

“ನನ್ನ ತಂಗಿ ನಿನ್ನ ಹತ್ರ ಏನು ಹೇಳಿದ್ಲು?”

“ಗುಂಡಿ ಕೊಟ್ಲು. ಹೊಲಿದೆ.”

“ನಾನು ಅವಳ ಅಕ್ಕ. ನಂಗೆ ಗೊತ್ತಾಗ್ಬೇಕಾ ಬೇಡ್ವಾ?”

“ಗೊತ್ತಾಗ್ಬೇಕು,” ಎಂದಳು ದರ್ಜಿಯ ಮಗಳು. “ಆದ್ರೆ ನನ್ನಿಂದ ಅಲ್ಲ.” ಅಷ್ಟು ಹೇಳಿ ಬಾಟಲಿಗೆ ನೀರು ಹಿಡಿದುಕೊಂಡು ಹೋದಳು.

ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳೇ ದೊಡ್ಡವಳು. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಆ ನಿಯಮವೇ ತನ್ನ ಮುಖಕ್ಕೆ ಬಾಗಿಲು ಹಾಕಿದಂತಾಯಿತು. ಅಂದು ಪಾಠ ತಲೆಗೆ ಹತ್ತಲಿಲ್ಲ. ತಂಗಿ ಆ ಕುರ್ಚಿಯಲ್ಲಿ ಕೂತಿರುವುದು, ತೋಳು ಚಾಚಿರುವುದು, ಏನೋ ಹೇಳುತ್ತಿರುವುದು, ದರ್ಜಿಯ ಮಗಳು ಹೂಂಗುಟ್ಟುತ್ತ ಹೊಲಿಯುತ್ತಿರುವುದು, ಇದೇ ಕಣ್ಣಿಗೆ ಕಟ್ಟುತ್ತಿತ್ತು. ಏನು ಹೇಳಿರಬಹುದು ಎಂಬುದಕ್ಕಿಂತ, ಅವಳಿಗೆ ಹೇಳಿದಳಲ್ಲ ಎಂಬುದೇ ಹೆಚ್ಚು ಚುಚ್ಚುತ್ತಿತ್ತು.

ಶನಿವಾರದ ಸಭೆಯಲ್ಲಿ ದೊಡ್ಡವಳು ಎದ್ದು ನಿಂತು, ತರಬೇತಿಯಲ್ಲಿ ಕಲಿತ ಹಾಗೆ ಮೆಲುದನಿಯಲ್ಲಿ, ಕೋಣೆಯಲ್ಲಿ ಸೂಜಿ ಬಳಸುವುದು ಅಪಾಯ ಎಂದಳು. ಸಣ್ಣ ಮಕ್ಕಳು ಬರುತ್ತಾರೆ, ಯಾರಿಗಾದರೂ ಚುಚ್ಚಿದರೆ ಇಡೀ ಕೋಣೆಗೇ ಬೀಗ ಬೀಳುತ್ತದೆ, ಮೇಲಾಗಿ ಇದು ಮಾತಿನ ಕೋಣೆ, ಹೊಲಿಗೆಯ ಅಂಗಡಿಯಲ್ಲ ಎಂದಳು. ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಮೇಡಂ ಕನ್ನಡಕ ತೆಗೆದು ಒರೆಸಿ, ಸೂಜಿಯ ವಿಷಯ ತನಗೆ ಹೊಳೆದಿರಲಿಲ್ಲ, ಸದ್ಯಕ್ಕೆ ಬೇಡ ಎಂದರು. ದರ್ಜಿಯ ಮಗಳು ಎದ್ದಳು. ತಗಡಿನ ಡಬ್ಬಿಯನ್ನು ತಂದು ದೊಡ್ಡವಳ ಮುಂದೆ ಇಟ್ಟಳು.

“ಲೀಡರ್ ಹತ್ರಾನೇ ಇರ್ಲಿ,” ಎಂದಳು. ಅದರಲ್ಲಿ ಕೊಂಕು ಇದೆಯೇ ಎಂದು ದೊಡ್ಡವಳು ಹುಡುಕಿದಳು. ಸಿಗಲಿಲ್ಲ.

ಮುಂದಿನ ವಾರ ಕೋಣೆ ತಣ್ಣಗಾಯಿತು. ಮಕ್ಕಳು ಬಾಗಿಲವರೆಗೆ ಬಂದು, ಕಿಟಕಿಯ ಪಕ್ಕ ಬರಿಗೈಯಲ್ಲಿ ಕೂತವಳನ್ನು ನೋಡಿ, ತಿರುಗಿ ಹೋಗುತ್ತಿದ್ದರು. ಮೊದಲ ದಿನ ದೊಡ್ಡವಳಿಗೆ ಒಂಥರಾ ಹಿತವಾಯಿತು. ಈಗ ನಾಲ್ಕೂ ಕುರ್ಚಿ ಒಂದೇ ಎತ್ತರ. ಎರಡನೆಯ ದಿನ ಅಷ್ಟು ಹಿತವೆನಿಸಲಿಲ್ಲ. ಮೂರನೆಯ ದಿನ ಸುಮ್ಮನೆ ಕೂತು ಬೇಸರವಾಗಿ, ಎದ್ದು ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿದಳು.

ಕೆಳಗೆ ನಲ್ಲಿಗಳ ಸಾಲು ಕಾಣುತ್ತಿತ್ತು. ಊಟ ಮುಗಿಸಿದ ಮಕ್ಕಳು ಡಬ್ಬಿ ತೊಳೆದು ಓಡುತ್ತಿದ್ದರು. ಚಿಕ್ಕವಳು ಕೊನೆಯ ನಲ್ಲಿಯ ಹತ್ತಿರ ನಿಂತಿದ್ದಳು. ಡಬ್ಬಿ ತೊಳೆದಳು, ನೀರು ಚೆಲ್ಲಿದಳು, ಮತ್ತೆ ತೊಳೆದಳು. ಮುಚ್ಚಳ ತೊಳೆದಳು, ಚಮಚ ತೊಳೆದಳು, ಮತ್ತೆ ಡಬ್ಬಿ ಹಿಡಿದಳು. ಬಿಡುವು ಮುಗಿಯುತ್ತ ಬಂದರೂ ಅದೇ ಕೆಲಸ. ಏನೋ ಸರಿಯಿಲ್ಲ ಅನ್ನಿಸಿ ದೊಡ್ಡವಳು ಮೆಟ್ಟಿಲಿಳಿಯತೊಡಗಿದಳು. ಮೆಟ್ಟಿಲ ಕೆಳಗೆ ಎಂಟನೆಯ ತರಗತಿಯ ಹುಡುಗಿಯರು ಸುತ್ತ ಕೂತು ಗುಸುಗುಸು ನಗುತ್ತಿದ್ದರು. ಚಿಕ್ಕವಳು ತೊಳೆದ ಡಬ್ಬಿ ಹಿಡಿದು ಅವರನ್ನು ದಾಟಿ ಹೋಗಬೇಕಿತ್ತು.

“ಬಾಯ್ಮುಚ್ಚ್ರೇ, ಲೀಡರಮ್ಮನ ಕಿವಿ ಬಂತು,” ಎಂದಳು ಒಬ್ಬಳು. ಎಲ್ಲರ ಮಾತೂ ನಿಂತಿತು. ಚಿಕ್ಕವಳು ಏನೂ ಕೇಳಿಸದವಳಂತೆ ನಡೆದು ಹೋದಳು. ಅವಳು ಹೋದ ಮೇಲೆ ಮಾತು ಮತ್ತೆ ಶುರುವಾಯಿತು.

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ದೊಡ್ಡವಳಿಗೆ ಆ ಧ್ವನಿ ಗೊತ್ತಿತ್ತು. ಎರಡು ತಿಂಗಳ ಹಿಂದೆ ಊಟದ ಚೀಲದ ತಳದಲ್ಲಿ ಫೋನ್ ಬಚ್ಚಿಟ್ಟುಕೊಂಡು ಶಾಲೆಗೆ ತಂದಿದ್ದ ಹುಡುಗಿ. ಅದನ್ನು ಪತ್ತೆ ಮಾಡಿದ್ದಕ್ಕೆ ಲೀಡರ್‌ಗೆ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ಚಪ್ಪಾಳೆ ಬಿದ್ದಿತ್ತು. ಪತ್ತೆ ಮಾಡುವುದಕ್ಕೆ ಲೀಡರ್ ಪಟ್ಟ ಶ್ರಮ ಏನೂ ಇರಲಿಲ್ಲ. ಅದರ ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ತನ್ನ ತರಗತಿಯ ಹುಡುಗಿಯರು ಮೇಷ್ಟರ ಕಣ್ಣಿಗೆ ಮಣ್ಣೆರಚುವ ಕತೆಯನ್ನು ತಂಗಿ ನಗುನಗುತ್ತ ಹೇಳಿದ್ದಳು.

ಸಂಜೆ ಮನೆಗೆ ಬಂದ ಮೇಲೆ ದೊಡ್ಡವಳು ತಂಗಿಯ ಅಂಗಿಯನ್ನು ನೋಡಿದಳು. ಕತ್ತಿನ ಕೆಳಗಿನ ಗುಂಡಿ ಒಂದು ಎಳೆಯಲ್ಲಿ ನೇತಾಡುತ್ತಿತ್ತು. ಯಾವತ್ತೋ ಸಡಿಲ ಮಾಡಿ ಇಟ್ಟುಕೊಂಡದ್ದು; ತೆಗೆದುಕೊಂಡು ಹೋಗಲು ಜಾಗವಿಲ್ಲದೆ ಹಾಗೇ ಉಳಿದಿತ್ತು. ಅಮ್ಮ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ದೊಡ್ಡವಳು ತನ್ನ ಚೀಲದಿಂದ ತಗಡಿನ ಡಬ್ಬಿ ತೆಗೆದಳು.

“ಕೊಡು. ಹೊಲಿದು ಕೊಡ್ತೀನಿ.”

ಚಿಕ್ಕವಳು ಡಬ್ಬಿಯ ಗುರುತು ಹಿಡಿದಳು. “ನಿಂಗೆ ಬರಲ್ಲ. ಮೇಜಿಗೆ ಸೇರಿಸಿ ಹೊಲೀತೀಯ.”

“ಇಲ್ಲಿ ಮೇಜಿಲ್ಲ.”

ಚಿಕ್ಕವಳು ಬೇರೆ ಅಂಗಿ ಹಾಕಿಕೊಂಡು ಬಂದು, ಇದನ್ನು ಅಕ್ಕನ ತೊಡೆಯ ಮೇಲೆ ಎಸೆದು, ಹೊಸ್ತಿಲ ಮೇಲೆ ಕೂತಳು. ದೊಡ್ಡವಳು ದಾರ ಪೋಣಿಸಿದಳು. ಮೂರು ಸಲ ತಪ್ಪಿತು. ಕೇಳಬೇಕಾದ ಪ್ರಶ್ನೆಗಳೆಲ್ಲ ಗಂಟಲಿಗೆ ಬಂದು ಸಾಲಾಗಿ ನಿಂತಿದ್ದವು. ಅವನ್ನು ನುಂಗಿಕೊಂಡು ಗುಂಡಿಯನ್ನೇ ನೋಡಿದಳು. ಗುಂಡಿಗೆ ನಾಲ್ಕು ತೂತು. ಒಂದರಲ್ಲಿ ಸೂಜಿ ಮೇಲೆ ಬಂತು, ಇನ್ನೊಂದರಲ್ಲಿ ಕೆಳಗೆ ಹೋಯಿತು. ಎದುರು ಮನೆಯವರು ಬಾಗಿಲು ತೆರೆದು ಕಸ ಇಟ್ಟು ಮತ್ತೆ ಹಾಕಿಕೊಂಡರು. ಕೇಳದೆ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಅಂದಾಜಿರಲಿಲ್ಲ.

“ಆ ಫೋನ್ ವಿಷಯ,” ಎಂದಳು ಚಿಕ್ಕವಳು, ಬೀದಿಯ ಕಡೆ ನೋಡುತ್ತ.

ದೊಡ್ಡವಳು ಸೂಜಿ ಎಳೆದಳು.

“ಅದನ್ನ ನಾನು ಅಕ್ಕಂಗೆ ಹೇಳಿದ್ದು. ನೀನು ಲೀಡರ್ ಆಗಿ ಕೇಳಿಸ್ಕೊಂಡೆ. ಈಗ ಕ್ಲಾಸಲ್ಲಿ ಯಾರೂ ನನ್ನ ಪಕ್ಕ ಕೂತು ಊಟ ಮಾಡಲ್ಲ. ನಾನು ಇದ್ರೆ ಮಾತೇ ಆಡಲ್ಲ.”

ಸೂಜಿ ಬೆರಳಿಗೆ ಚುಚ್ಚಿತು. ತಪ್ಪು ಕಂಡರೆ ತಿಳಿಸುವುದು ಲೀಡರ್ ಕೆಲಸ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು. ಬೆರಳನ್ನು ಬಾಯಿಗಿಟ್ಟುಕೊಂಡದ್ದರಿಂದ ಅದು ಹೊರಗೆ ಬರಲಿಲ್ಲ. ಚಿಕ್ಕವಳು ಮೆಲ್ಲಗೆ ಒಂದೊಂದಾಗಿ ಹೇಳಿದಳು. ಬೆಂಚಿನ ಮೇಲೆ ಚೀಲ ಇಟ್ಟು ಜಾಗ ಇಲ್ಲ ಅನ್ನುವುದು, ಆಟಕ್ಕೆ ತಂಡ ಮಾಡುವಾಗ ಕೊನೆಗೆ ಉಳಿಸುವುದು, ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ಹೊತ್ತು ಕಳೆಯುವುದು. ದೊಡ್ಡವಳು ಹೊಲಿದಳು. ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಹೊಲಿಗೆ ಬಿದ್ದಿತ್ತು, ನಿಲ್ಲಿಸಿದರೆ ಮಾತೂ ನಿಂತೀತು ಎಂದು ಇನ್ನೂ ಹಾಕುತ್ತ ಹೋದಳು.

ಕೊನೆಗೆ ತಡೆಯಲಾಗಲಿಲ್ಲ. “ಇದನ್ನೆಲ್ಲ ಅವಳಿಗೂ ಹೇಳಿದ್ಯಾ?”

“ಹೂಂ.”

“ಮೊದಲು ಅವಳಿಗೆ.”

“ಹೂಂ.”

“ಅವಳು ಏನಂದ್ಲು?”

“ಹೋದಾಗೆಲ್ಲ ಒಂದೇ ಮಾತು. ಅಕ್ಕಂಗೆ ಹೇಳು, ಅಕ್ಕಂಗೆ ಹೇಳು. ನೀನು ಹೇಳೋ ತನಕ ನಾನು ಗುಂಡಿ ಹೊಲೀತಾ ಇರ್ತೀನಿ ಅಂದ್ಲು.”

ದೊಡ್ಡವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಡೆಗೂ ತಂಗಿ ತನ್ನ ಹತ್ತಿರ ಬಾಯಿಬಿಟ್ಟದ್ದೂ ಆ ಹುಡುಗಿ ಕಳಿಸಿಕೊಟ್ಟಿದ್ದರಿಂದಲೇ, ತನ್ನ ಕೈಯಲ್ಲಿರುವ ಸೂಜಿಯೂ ಅವಳದೇ, ದಾರವೂ ಅವಳದೇ. ಹೊಟ್ಟೆಯ ಉರಿ ಇನ್ನೊಂದು ಸುತ್ತು ಎದ್ದಿತು. ಅದನ್ನು ಹಾಗೇ ಇಟ್ಟುಕೊಂಡು ಗಂಟು ಹಾಕಿದಳು.

“ಅವಳು ಎರಡು ಗಂಟು ಹಾಕ್ತಾಳೆ,” ಎಂದಳು ಚಿಕ್ಕವಳು.

ದೊಡ್ಡವಳು ಎರಡನೆಯ ಗಂಟು ಹಾಕಿದಳು.

ಮರುದಿನ ಬೆಳಿಗ್ಗೆ ಅವಳು ಮಾಡಿದ ಮೊದಲ ಕೆಲಸ ಎಂಟನೆಯ ತರಗತಿಗೆ ಹೋದದ್ದು. ಬ್ಯಾಡ್ಜನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದಳು. ಫೋನ್ ವಿಷಯ ಹೊರಗೆ ಹಾಕಿದವಳು ತಾನು, ಮನೆಯಲ್ಲಿ ತಂಗಿ ನಗುತ್ತ ಹೇಳಿದ ಮಾತನ್ನು ಎತ್ತಿಕೊಂಡು ಹೋಗಿ ಒಪ್ಪಿಸಿದವಳು ತಾನು, ಹಾಗೆ ಮಾಡುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ, ಮುಂದೆ ಮನೆಯ ಮಾತು ಶಾಲೆಗೆ ಬರುವುದಿಲ್ಲ ಎಂದು ಹೇಳಿದಳು. ಚಪ್ಪಾಳೆ ಬೀಳಲಿಲ್ಲ. ಫೋನಿನ ಹುಡುಗಿ, ಗೊತ್ತಾಯಿತು ಬಿಡಿ ಎನ್ನುವಂತೆ, ಭುಜ ಕುಣಿಸಿದಳು. ಚಿಕ್ಕವಳು ಡೆಸ್ಕಿನ ಮೇಲೆ ತಲೆ ಇಟ್ಟು ಮುಖ ಮುಚ್ಚಿಕೊಂಡಿದ್ದಳು, ನಾಚಿಕೆಗೋ ಮತ್ಯಾವುದಕ್ಕೋ. ಮಧ್ಯಾಹ್ನ ದೊಡ್ಡವಳು ಕಿಟಕಿಯಿಂದ ನೋಡಿದಾಗ ನಲ್ಲಿಯ ಹತ್ತಿರ ತಂಗಿ ಇರಲಿಲ್ಲ. ಮೆಟ್ಟಿಲ ಕೆಳಗಿನ ಗುಂಪಿನ ಅಂಚಿನಲ್ಲಿ ಒಬ್ಬಳು ತನ್ನ ಡಬ್ಬಿಯನ್ನು ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡಿದ್ದಳು, ಅಷ್ಟು ಜಾಗದಲ್ಲಿ ಚಿಕ್ಕವಳು ಮಂಡಿ ಮಡಚಿ ಕೂತಿದ್ದಳು. ಮಾತು ಇನ್ನೂ ಅವಳವರೆಗೆ ಬಂದಂತಿರಲಿಲ್ಲ.

ಬೆಳಿಗ್ಗೆ ಎಂಟನೆಯ ತರಗತಿಯಿಂದ ದೊಡ್ಡವಳು ನೇರ ಮೇಡಂ ಹತ್ತಿರ ಹೋಗಿ, ಸೂಜಿಯ ಜವಾಬ್ದಾರಿ ತನ್ನದು, ಬಿಡುವು ಮುಗಿದ ಮೇಲೆ ಡಬ್ಬಿ ಎತ್ತಿಡುತ್ತೇನೆ, ಅನುಮತಿ ಕೊಡಿ ಎಂದು ಕೇಳಿದ್ದಳು. ಬೇಡ ಎಂದವಳೂ ನೀನೇ ಅಲ್ಲವೇನಮ್ಮ ಎಂದು ಮೇಡಂ ಅವಳ ಮುಖ ನೋಡಿದರು. ಹೌದು ಎಂದಳು. ಯಾಕೆಂದು ಅವರು ಕೇಳಲಿಲ್ಲ, ಒಪ್ಪಿದರು.

ಈಗ ತಗಡಿನ ಡಬ್ಬಿಯನ್ನು ಕಿಟಕಿಯ ಪಕ್ಕದವಳ ಮುಂದಿಟ್ಟು, “ತಗೋ,” ಎಂದಳು. ದರ್ಜಿಯ ಮಗಳು ಮುಚ್ಚಳ ತೆರೆದು ದಾರದ ಉಂಡೆ ನೋಡಿದಳು. ಉಂಡೆ ಸಣ್ಣದಾಗಿತ್ತು.

“ಬೆಳಿಗ್ಗೆ ನಿನ್ನ ತಂಗಿ ಅಂಗಿ ನೋಡ್ದೆ. ಇಷ್ಟು ದಾರದಲ್ಲಿ ಒಂದು ಲಂಗ ಹೊಲೀಬೋದಿತ್ತು.”

“ಗಟ್ಟಿ ಇದೆ ತಾನೇ?”

“ಗಟ್ಟಿ ಇದೆ,” ಎಂದಳು ದರ್ಜಿಯ ಮಗಳು. ಈ ಸಲ ಅವಳ ತುಟಿಯ ಅಂಚು ಚೂರು ಅಲುಗಿತು.

ಬಾಗಿಲ ಹೊರಗೆ ಆಗಲೇ ಇಬ್ಬರು ಬಂದು ನಿಂತಿದ್ದರು, ಒಬ್ಬ ತೋಳು ಹಿಡಿದುಕೊಂಡು, ಇನ್ನೊಬ್ಬಳು ಕತ್ತು ಹಿಡಿದುಕೊಂಡು. ಇಬ್ಬರೂ ದೊಡ್ಡವಳ ಕುರ್ಚಿಯನ್ನು ದಾಟಿಕೊಂಡು ಕಿಟಕಿಯ ಕಡೆ ಹೋದರು. ಮೊದಲನೆಯವನು ಕೂತ. ದರ್ಜಿಯ ಮಗಳು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸಿದಳು, ಒಂದೇ ಸಲಕ್ಕೆ.

ದೊಡ್ಡವಳು ತನ್ನ ಜಾಗದಲ್ಲಿ ಕೂತು ಮುಖ ಬೇರೆ ಕಡೆ ತಿರುಗಿಸಿದಳು. ಉರಿ ಎಲ್ಲೂ ಹೋಗಿರಲಿಲ್ಲ, ಅಲ್ಲೇ ಇತ್ತು. ಅದನ್ನು ಯಾರ ಹತ್ತಿರವಾದರೂ ಹೇಳಬೇಕು ಅನ್ನಿಸುತ್ತಿತ್ತು. ಹೇಳುವುದಾದರೆ ಇಡೀ ಶಾಲೆಯಲ್ಲಿ ಅದಕ್ಕೆ ಇದ್ದವಳು ಒಬ್ಬಳೇ, ಕಿಟಕಿಯ ಪಕ್ಕದವಳು. ಮೇಜುಬಟ್ಟೆಯ ಕೆಳಗೆ ದೊಡ್ಡವಳ ಬಲಗೈ ಎಡತೋಳಿನ ಗುಂಡಿಯನ್ನು ಮೆಲ್ಲಗೆ ತಿರುಚುತ್ತಿತ್ತು. ಗುಂಡಿ ಗಟ್ಟಿಯಾಗಿತ್ತು. ಬಿಡುವು ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು.